ಮೂರನೇ ಚರಣಕ್ಕೆ ಮೊಳೆ

ಅಡುಗೆಮನೆಯ ಮೇಜು,
ಗುರುವಾರ ಮಧ್ಯಾಹ್ನ

ನನ್ನ ಚಿನಕುರುಳಿಗೆ ಅಪ್ಪನ ಮುತ್ತುಗಳು.

ಗಂಟಲು ಹೇಗಿದೆ? ಕೆಮ್ಮು ಪೂರ್ತಿ ಬಿಟ್ಟಿತೇ? ಗಡಿ ದಾಟಿ ಮೂರು ವರ್ಷವಾದರೂ ಬಿಸಿನೀರು ಕುಡಿಯುವ ಬುದ್ಧಿ ನಿನಗೆ ಬಂದಿಲ್ಲವೆಂದು ನಿನ್ನ ಅಮ್ಮ ಗೊಣಗುತ್ತಾಳೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯಲು ಕೂತೆ, ಕೈ ಒಪ್ಪುತ್ತಿಲ್ಲ. ನನಗೆ ಹೆದರಿಕೆಯಾಗಿದೆ ಮಗಳೇ. ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕದೆ, ಲಾರಿ ಓಡಿಸುವ ನಿನ್ನ ಸೋದರಮಾವನ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿದ ಮೇಲೆ ಸುಟ್ಟುಬಿಡು.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ರೇಡಿಯೋ ಕಚೇರಿಯ ರೆಕಾರ್ಡುಗಳ ಧೂಳು ಒರೆಸುವುದು, ಮೇಲಿನವರು ಬೇಡವೆಂದ ಹಾಡಿನ ಮೇಲೆ ಮೊಳೆಯಿಂದ ಗೀರುವುದು. ಗೀರಿದರೆ ಗ್ರಾಮಫೋನಿನ ಮುಳ್ಳು ಆ ಜಾಗ ಹಾರಿಹೋಗುತ್ತದೆ. ಹಳೆಯ ಸರ್ಕಾರ ನಿನ್ನ ಹಾಡನ್ನು ಗೀರಲು ಹೇಳಿದಾಗ ಒಂದು ರೆಕಾರ್ಡನ್ನು ಅಂಗಿಯೊಳಗೆ ತಂದು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಜನ ಬೀದಿಗಿಳಿದು ಆ ಸರ್ಕಾರವನ್ನು ಕಿತ್ತೆಸೆದ ದಿನ ಅದೇ ರೆಕಾರ್ಡು ರೇಡಿಯೋದಲ್ಲಿ ಮೊಳಗಿತು. ಅಂದು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದವನೇ ಈಗಿನ ನಮ್ಮ ನಿರ್ದೇಶಕ. ನಾನೂ ಬೀಗಿದ್ದೆ, ಸುಳ್ಳೇಕೆ.

ಹೋದ ತಿಂಗಳು ಅವನೇ ಬಾಗಿಲು ಮುಚ್ಚಿಕೊಂಡು, ಮೂರನೇ ಚರಣ ಮಾತ್ರ ಸ್ವಲ್ಪ ಗೀರಿಬಿಡಿ ಅಂದ. ಆ ಚರಣದ ನಿನ್ನ ಸಾಲು: ‘ಕುರ್ಚಿ ಹಳೆಯದು, ಕೂತವನು ಹೊಸಬ, ನನ್ನ ಬೆನ್ನಿಗೆ ಭಾರ ಒಂದೇ.’ ಹಳಬರ ಕಾಲದಲ್ಲಿ ನೀನು ಬರೆದ ಸಾಲು ಇವರಿಗೇಕೆ ಚುಚ್ಚಿತು ಎಂದು ಮನೆಯಲ್ಲಿ ಕೇಳಿದೆ. ನಿನ್ನ ಅಮ್ಮ ತರಕಾರಿ ಹೆಚ್ಚುತ್ತಲೇ ಹೇಳಿದಳು: “ಯಾರು ಕೂತಿದ್ದಾರೆ ಅಂತ ಹಾಡಿಗೇನ್ರೀ ಗೊತ್ತು? ಕೂತವನಿಗೆ ಗೊತ್ತಾಗುತ್ತೆ.” ಮೂವತ್ತು ವರ್ಷ ಹಾಡುಗಳ ನಡುವೆಯೇ ಕೂತ ನನಗೆ ಇಷ್ಟು ಹೊಳೆದಿರಲಿಲ್ಲ.

ಗೀರಿದೆ ಮಗಳೇ. ನಿನ್ನ ದನಿಯ ಮೇಲೆ ನಾನೇ ಗೀರಿದೆ. ಕೈ ನಡುಗಿ ಗೀರು ಓರೆಯಾಯಿತು. ಸೋಮವಾರ ಬೆಳಗಿನ ಪ್ರಸಾರದಲ್ಲಿ, ಹಾರಬೇಕಿದ್ದ ಮುಳ್ಳು ಅಲ್ಲೇ ಸಿಕ್ಕಿಕೊಂಡು ‘ಭಾರ ಒಂದೇ, ಭಾರ ಒಂದೇ’ ಎಂದು ಹೇಳುತ್ತಲೇ ಹೋಯಿತು. ಯಾರೋ ಓಡಿಬಂದು ಎತ್ತುವಷ್ಟರಲ್ಲಿ ಬಸ್ ನಿಲ್ದಾಣದಲ್ಲಿ ಜನ ಚಪ್ಪಾಳೆ ತಟ್ಟಿ ಜೊತೆಗೂಡಿದ್ದರಂತೆ. ನಾನು ಬೇಕೆಂದೇ ಮಾಡಿದೆನೆಂದು ಊರೆಲ್ಲ ನಂಬಿದೆ. ಕ್ಷೌರದವನು ಬೆನ್ನು ತಟ್ಟಿದ. ಅದು ಧೈರ್ಯವಲ್ಲ ಕಣಪ್ಪಾ, ಕೈನಡುಕ ಎನ್ನಲೂ ನನಗೆ ನಾಲಿಗೆ ಏಳಲಿಲ್ಲ. ಅಂದಿನಿಂದ ಎದುರುಮನೆಯ ಮೆಟ್ಟಿಲ ಮೇಲೆ ಇಬ್ಬರು ಪೇಪರ್ ಓದುತ್ತಾ ಕೂತಿದ್ದಾರೆ. ಮೂರು ದಿನದಿಂದ ಅದೇ ಪೇಪರು. ಕುಕ್ಕರ್ ಕೂಗಿದರೂ ನನ್ನ ಜೀವ ಬಾಯಿಗೆ ಬರುತ್ತದೆ.

ನಿರ್ದೇಶಕ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಟೀ ತರಿಸಿದ. “ಮಗಳು ವಿಜಯದ ದಿನಕ್ಕೆ ಬಂದು ಎರಡೇ ಚರಣ ಹಾಡಿಬಿಡಲಿ, ಎಲ್ಲ ಮರೆತುಬಿಡೋಣ” ಅಂದ. ಆಮೇಲೆ ಕಾಗದ, ಪೆನ್ನು ನನ್ನ ಮುಂದೆ ಸರಿಸಿದ.

ಗಂಟಲಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ. ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ. ನೂರು ವರ್ಷ ಹಾಡುತ್ತಿರು.

ನಿನ್ನ ಪುಕ್ಕಲು
ಅಪ್ಪ

ತಾ.ಕ.: ಮಾವ ಆಗಲೇ ಚಪ್ಪಲಿ ಹಾಕಿಕೊಂಡ. ಅಪ್ಪನಿಗೆ ಹುಷಾರಿಲ್ಲ, ಕೂಡಲೇ ಬಾ ಎಂಬ ಕಾಗದ ನಿನಗೆ ಅಂಚೆಯಲ್ಲಿ ಬರುತ್ತದೆ. ಅಕ್ಷರ ನನ್ನದೇ, ನಿರ್ದೇಶಕನೆದುರು ಕೂತು ಬರೆದದ್ದು. ಬರಬೇಡ. ಆಮೇಲೆ ನಾನು ತೀರಿಕೊಂಡೆ ಎಂಬ ಸುದ್ದಿ ಬರಬಹುದು, ಅದು ನಿಜವೇ ಆಗಿದ್ದರೂ ಬರಬೇಡ. ಅಲ್ಲೇ ಇದ್ದು ಮೂರೂ ಚರಣ ಹಾಡು.