ಶುಕ್ರವಾರದ ಬಡಿತ

೧೩ ಮಾರ್ಚ್ ೧೮೯೬, ಶುಕ್ರವಾರ. ಕೊಂಬೈ.

ಹತ್ತಿ ಗಿರಣಿಯ ಉಗಿಯಂತ್ರ ಇಂದು ಒಡೆಯಿತು. ಯಾರಿಗೂ ಗಾಯವಾಗಲಿಲ್ಲ. ಆದರೂ ನನಗೆ ಅನ್ನ ಇಳಿಯಲಿಲ್ಲ.

ಅದನ್ನು ಆರು ವರ್ಷ ನಡೆಸಿದವರು ಅಳಗರ್ ಮಾಮ. ಹೋದ ತಿಂಗಳು, ನನ್ನನ್ನು ಅಳಿಯ ಎಂದು ಕರೆಯುತ್ತಾ ಅಂದರು, "ಯಂತ್ರ ಹೊರಡೋವಾಗ ಒಳಗೆ ಏನೋ ಬಡಿಯುತ್ತೆ ಮಾಪಿಳ್ಳೆ, ಶುಕ್ರವಾರ ಮಾತ್ರ." ಗಿರಣಿಯ ಮಾಲೀಕ ಮುದಲಾಳಿಯ ಎದುರಿಗೇ ನಕ್ಕೆ. "ಕಬ್ಬಿಣಕ್ಕೂ ವಾರ ಗೊತ್ತಾ ಮಾಮ? ರಾಹುಕಾಲವನ್ನೂ ನೋಡುತ್ತಾ?" ಮೂಢನಂಬಿಕೆಯನ್ನು ಸುಡಬೇಕೆಂದು ನನ್ನ ಕರಪತ್ರಗಳಲ್ಲಿದೆ. ನನ್ನ ಮಾತು ನಂಬಿ ಮುದಲಾಳಿ ಮಾಮನನ್ನು ಕೆಲಸದಿಂದ ಬಿಡಿಸಿದರು.

ಇಂದು ತಿಳಿಯಿತು. ಶುಕ್ರವಾರ ಪೂಜೆಗೆಂದು ಯಂತ್ರದ ಮುಂದೆ ರಂಗೋಲಿಯ ಕೋಲ ಹಾಕುತ್ತಾರೆ. ಎಣ್ಣೆನೀರು ತೊಟ್ಟಿಕ್ಕಿ ಕೋಲ ಕೆಡಬಾರದೆಂದು, ಉಗಿ ತಣಿದು ಆದ ನೀರನ್ನು ಹೊರಬಿಡುವ ತಿರುಪನ್ನು ಗುಡಿಸುವವರು ಮುಚ್ಚಿಬಿಡುತ್ತಿದ್ದರು. ಒಳಗೆ ನಿಂತ ನೀರೇ ಬಡಿಯುತ್ತಿದ್ದುದು. ಆ ಸದ್ದಿಗೆ ಹೆದರಿ ಮಾಮ ಶುಕ್ರವಾರ ಮೆಲ್ಲಗೆ ಹೊರಡಿಸುತ್ತಿದ್ದರು. ಮಾಮನ ಜಾಗಕ್ಕೆ ಬಂದ ಹೊಸಬನಿಗೆ ಅದು ಗೊತ್ತಿರಲಿಲ್ಲ; ಇಂದು ಒಮ್ಮೆಲೇ ಜೋರಾಗಿ ಹೊರಡಿಸಿದ.

ಸಂಜೆ ಮಾಮನ ಮನೆಗೆ ಹೋಗಿ ಎಲ್ಲ ಹೇಳಿ ಕಾಲು ಹಿಡಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಡೆಯೋಕೆ ಮುಂಚೆ ಎಷ್ಟು ಸಲ ಬಡೀತು?" ಎಂದು ಮಾತ್ರ ಕೇಳಿದರು, ಸತ್ತವರ ಕೊನೆಯ ಮಾತು ಕೇಳುವವರ ಹಾಗೆ.

ನನಗೆ ಗೊತ್ತಿರಲಿಲ್ಲ. ಆಗ ನಾನು ಗಿರಣಿಯ ಬಾಗಿಲಲ್ಲಿ ನಿಂತು ಕೂಲಿಯವರಿಗೆ ಕರಪತ್ರ ಓದಿ ಹೇಳುತ್ತಿದ್ದೆ.