ಕರೀನ್ ಕೊಟ್ಟ ಬಟ್ಟೆಯ ತುಂಡು

ಪ್ರೀತಿಯ ಜಯಮ್ಮತ್ತೆ,

ನೀವು ಹೇಳಿದ್ದೇ ಸರಿ! ನಿನ್ನೆ ಕಾದಂಬರಿ ಮುಗಿದಾಗಿನಿಂದ ಇದನ್ನು ಯಾರಿಗಾದರೂ ಹೇಳಬೇಕೆಂದು ಮನೆಯೆಲ್ಲ ಓಡಾಡುತ್ತಿದ್ದೇನೆ. ಯಾರಿಗಾದರೂ ಏನು, ನಿಮಗೇ. ನೀವು ಹೋಗಿ ಐದು ತಿಂಗಳಾದರೂ ಇಂಥ ಸುದ್ದಿ ಸಿಕ್ಕರೆ ಕೈ ಫೋನಿನ ಕಡೆಗೇ ಹೋಗುತ್ತದೆ.

ಈ ಪರದೇಶದ ಬೆರ್ರಿಯೆಸಾ ಬಡಾವಣೆಯ ನಿಮ್ಮ ಮಗಳ ಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ನೀವು ನನ್ನಿಂದ ಆ ಕಾದಂಬರಿಯ ಅರ್ಧ ಕಥೆ ಕೇಳಿದ್ದು ನೆನಪಿದೆಯೇ? ಲೈಬ್ರರಿಯ ಓದುಗರ ಗುಂಪಿಗೆ ಸೇರಿ ವರ್ಷವಾಗಿದ್ದರೂ ನಾನು ಅಲ್ಲಿ ಬಾಯಿ ಬಿಟ್ಟಿರಲಿಲ್ಲ. ಸಾಹಿತ್ಯದಲ್ಲಿ ಎಂ.ಎ. ಮಾಡಿ ಏನು ಬಂತು? ಅಲ್ಲಿ ಆಡದ ಮಾತನ್ನೆಲ್ಲ ನಿಮ್ಮೆದುರು ಆಡುತ್ತಿದ್ದೆ. ಕಥೆಯಲ್ಲಿ, ನೂರು ವರ್ಷಕ್ಕೂ ಹಿಂದೆ, ಈ ದೇಶದ ಮರವೇ ಇಲ್ಲದ ಹುಲ್ಲುಬಯಲು, ಮಣ್ಣಿನ ಹೆಂಟೆ ಪೇರಿಸಿ ಕಟ್ಟಿದ ಎರಡು ಮನೆ. ಒಂದರಲ್ಲಿ ಸ್ವೀಡನ್ನಿನಿಂದ ಬಂದ ಕರೀನ್, ಇನ್ನೊಂದರಲ್ಲಿ ಇಂಗ್ಲೆಂಡಿನ ಗಣಿ ಊರಿನ ಮೆಗ್. ಒಬ್ಬರ ಭಾಷೆ ಒಬ್ಬರಿಗೆ ಬಾರದು, ಆದರೂ ಜೀವದ ಗೆಳತಿಯರು. ಮೆಗ್ ಮೊದಲ ಹಸು ಕೊಂಡ ದಿನ ಕರೀನ್ ತನ್ನ ಪೆಟ್ಟಿಗೆಯ ತಳದಿಂದ ಒಣಗಿ ಸೆಟೆದ, ಹುಳಿ ವಾಸನೆಯ ಬಟ್ಟೆಯ ತುಂಡೊಂದನ್ನು ತಂದು ಕೊಡುತ್ತಾಳೆ. ಚಿಂದಿ ಕೊಟ್ಟು ಅವಮಾನ ಮಾಡಿದಳೆಂದು ಮೆಗ್ ಅದನ್ನು ಅವಳೆದುರೇ ಒಲೆಗೆ ಹಾಕುತ್ತಾಳೆ. ಅಲ್ಲಿಗೆ ಮಾತು ನಿಂತಿತು. ವರ್ಷದೊಳಗೆ ಕರೀನ್ ಮನೆಯವರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟುಹೋದರು. ಪಾಪ, ಕೊಡಲು ಬೇರೇನೂ ಇರಲಿಲ್ಲ ಎಂದು ನಮ್ಮ ಗುಂಪು ತೀರ್ಮಾನಿಸಿತ್ತು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ನೀವು ಸೊಪ್ಪನ್ನು ಬದಿಗೆ ಸರಿಸಿದಿರಿ. "ಹೆಪ್ಪು ಕಣವ್ವ ಅದು. ಮೊಸ್ರಲ್ಲಿ ಅದ್ದಿ ನೆರಳಲ್ಲಿ ಒಣಗ್ಸವ್ಳೆ. ಈ ದೇಶಕ್ಕೆ ಬರಾಗ ನಾನೂ ಸೂಟ್‌ಕೇಸಲ್ಲಿ ಸೀರೆ ಮಡಿಕೇಲಿ ಇಂಥದ್ನೇ ತಂದಿರ್ನಿಲ್ವಾ? ಇಷ್ಟೆಲ್ಲ ಓದಿದ್ದೀಯೆ, ಇದು ತಿಳೀನಿಲ್ವಾ?" ಹಸು ಕೊಂಡವಳಿಗೆ ಹೆಪ್ಪು! ಅದಕ್ಕಿಂತ ದೊಡ್ಡ ಉಡುಗೊರೆ ಉಂಟೇ? ಹೋಗಿ ಗುಂಪಿನಲ್ಲಿ ಹೇಳು ಎಂದು ಬಾಗಿಲವರೆಗೂ ಬಂದು ಹೇಳಿದಿರಿ. ಮತ್ತೆ ಕರೆದು ಕೇಳಿದಿರಿ: "ಆ ಸುಟ್ಟೋಳ್ಗೆ ಯಾವತ್ತಾದ್ರೂ ಗೊತ್ತಾಯ್ತದಾ? ತಿಳ್ಕೊಂಡು ನಂಗೆ ಹೇಳು."

ಆಸ್ಪತ್ರೆಗೆ ಹೋಗುವ ಹಿಂದಿನ ವಾರ ನೀವು ಫೋನ್ ಮಾಡಿ ವಿಚಾರಿಸಿದಾಗ, ಹೇಳಿದೆ ಅತ್ತೆ, ಎಲ್ಲರೂ ಒಪ್ಪಿದರು ಎಂದೆ. ಎಷ್ಟು ನಕ್ಕಿರಿ! ಹೇಳಿರಲಿಲ್ಲ ಅತ್ತೆ. ಕೈ ಅರ್ಧ ಎತ್ತಿ ಕೂದಲು ಸರಿಮಾಡಿಕೊಂಡಿದ್ದೆ, ಅಷ್ಟೇ. ಆಮೇಲೆ ನೀವೇ ಇಲ್ಲವಾದಿರಿ. ಪುಸ್ತಕ ಮುಟ್ಟಲಾಗಲಿಲ್ಲ. ಗುಂಪಿಗೂ ಹೋಗಲಿಲ್ಲ. ಸುಳ್ಳು ಹೇಳಿ ಕಳಿಸಿದೆನಲ್ಲ ಎಂದು...

ಮೊನ್ನೆ ಶನಿವಾರ ಹೋದೆ. ನಡುವೆ ಬೇರೊಂದು ಪುಸ್ತಕ ಹಿಡಿದಿದ್ದು ಈಗ ಮತ್ತೆ ಇದೇ ಕಾದಂಬರಿಗೆ ಮರಳಿದ್ದರಂತೆ, ಕೊನೆಯ ಭಾಗ ಬಾಕಿ. ಮುಂದೆ ಓದಿ ಬರಬಾರದೆಂಬುದು ಗುಂಪಿನ ನಿಯಮ, ಹಾಗಾಗಿ ಯಾರಿಗೂ ಕೊನೆ ಗೊತ್ತಿಲ್ಲ. ಏನಾಗಬಹುದೆಂದು ಕೇಳಿದರು. ಎದ್ದು ನಿಂತುಬಿಟ್ಟೆ, ಅಲ್ಲಿ ಯಾರೂ ಎದ್ದು ಮಾತಾಡುವುದಿಲ್ಲ! ಅದು ಹೆಪ್ಪು ಎಂದೆ. ಚಿಂದಿಯಿಂದ ಮೊಸರೇ ಎಂದು ಒಬ್ಬರು ನಕ್ಕರು. ಆದರೂ ನಿಮ್ಮ ಸೂಟ್‌ಕೇಸು, ನಿಮ್ಮ ಸೀರೆ, ಬೆಚ್ಚಗಿನ ಹಾಲು, ಎಲ್ಲ ಹೇಳಿ ಮುಗಿಸಿಯೇ ಕೂತೆ. ತಪ್ಪಾಗಿದ್ದರೆ? ಆಗಲಿ ಎನಿಸಿತು.

ನಿನ್ನೆ ಕೊನೆಯ ಭಾಗ ಓದಿದೆ. ಇಪ್ಪತ್ತು ವರ್ಷದ ಮೇಲೆ ಮೆಗ್‌ಗೆ ಸ್ವೀಡನ್ನಿನ ಸೊಸೆ ಬರುತ್ತಾಳೆ. ಬಂದ ದಿನವೇ ಅಂಥದೇ ತುಂಡನ್ನು ಹಾಲಿಗೆ ಹಾಕುತ್ತಾಳೆ. ಬೆಳಿಗ್ಗೆ ಹಾಲು ಗಟ್ಟಿಯಾಗಿದೆ. ಮೆಗ್ ನೆಲದ ಮೇಲೆಯೇ ಕುಸಿದು ಕೂರುತ್ತಾಳೆ. ಗೊತ್ತಾಯಿತು ಅತ್ತೆ, ಸುಟ್ಟವಳಿಗೆ ಗೊತ್ತಾಯಿತು! ಅದೇ ವಾರ ಮೆಗ್ ಕರೀನ್‌ಳನ್ನು ಹುಡುಕಿಕೊಂಡು ಪಶ್ಚಿಮದ ರೈಲು ಹತ್ತುತ್ತಾಳೆ. ಕ್ಷಮಿಸು ಎನ್ನಲು ಸೊಸೆ ಕಲಿಸಿದ ಒಂದೇ ಸ್ವೀಡಿಷ್ ಮಾತನ್ನು ಎರಡು ದಿನ ಬಾಯಿಪಾಠ ಮಾಡುತ್ತಾಳೆ. ಕರೀನ್ ಬಾಗಿಲು ತೆರೆದಾಗ ಅದು ಮರೆತೇಹೋಗುತ್ತದೆ. ಅಷ್ಟು ವರ್ಷಗಳಲ್ಲಿ ಕರೀನ್ ಇಂಗ್ಲಿಷ್ ಕಲಿತಿದ್ದಾಳೆ. ಹೊರಗೆ ಗಾಳಿ ಜೋರಾಗಿದೆ, ಒಳಗೆ ಬಾ ಎನ್ನುತ್ತಾಳೆ.

ನಿಮ್ಮ
ಸುಮಾ