ಸತ್ತಿದೆ ಎಂದ ಸಜ್ಜೆ

ಮನೆಯಿಂದ, ಹಿತ್ತಿಲ ಬಾಗಿಲಲ್ಲಿ ಕೂತು
ಅಕ್ಟೋಬರ್ ೧೪, ಭಾನುವಾರ

ಪ್ರೀತಿಯ ನಮ್ಮವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೆ? ಹಡಗಿನ ಇಂಜಿನ್ ಕೋಣೆಯ ಸೆಕೆಯಿಂದ ನೇರ ಮೇಲೆ ಹತ್ತಿ ಗಾಳಿಗೆ ನಿಲ್ಲಬೇಡಿ ಅಂದಿದ್ದೆ. ನಿಂತೇ ಇರುತ್ತೀರಿ, ಗೊತ್ತು. ಇಲ್ಲಿ ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಮೊಣಕಾಲು ಹಿಡಿದಿದೆ ಎನ್ನುತ್ತಲೇ ಬೆಳಗಿನಿಂದ ಸಂಜೆವರೆಗೆ ಹಿತ್ತಿಲಿಗೆ ಹೋಗಿ ಬಂದು ಮಾಡುತ್ತಾರೆ. ಹಿತ್ತಿಲಲ್ಲಿ ಅಂಥದ್ದೇನಿದೆ ಅಂತೀರಾ? ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಫೋನಿನಲ್ಲಾದರೆ ನೀವು ಮಧ್ಯೆ ಬಾಯಿ ಹಾಕುತ್ತೀರಿ.

ನಮ್ಮ ಬೀಜ ಬ್ಯಾಂಕಿನ ತಣ್ಣನೆಯ ಕೋಣೆಯನ್ನು ನೀವೊಮ್ಮೆ ನೋಡಿದ್ದೀರಿ, ಹಲ್ಲು ಕಟಕಟ ಅನ್ನಿಸಿಕೊಂಡು ಓಡಿಯೂ ಹೋಗಿದ್ದೀರಿ. ಮಳೆ ಕಾಣದ ಸೀಮೆಗಳವರು ತಲೆತಲಾಂತರದಿಂದ ಬಿತ್ತಿಕೊಂಡು ಬಂದ ಜೋಳ, ಸಜ್ಜೆ, ಕಡಲೆ, ತೊಗರಿ ಎಲ್ಲ ಅಲ್ಲಿ ಬೆಳ್ಳಿ ಬಣ್ಣದ ಪೊಟ್ಟಣಗಳಲ್ಲಿ ಮಲಗಿವೆ. ಹಾಗಂತ ತಣ್ಣಗಿಟ್ಟ ಬೀಜವೂ ಚಿರಂಜೀವಿಯಲ್ಲ. ಆಗಾಗ ನಾಲ್ಕು ಕಾಳು ತೆಗೆದು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ಮೊಳಕೆ ಒಡೆಯುತ್ತದೆಯೋ ಇಲ್ಲವೋ ನೋಡಬೇಕು. ಅದೇ ನನ್ನ ಕೆಲಸ. ಮೊಳಕೆ ಕುಗ್ಗಿತು ಅಂದರೆ, ಪೂರ್ತಿ ಕಣ್ಣು ಮುಚ್ಚುವ ಮೊದಲೇ ಹೊಲಕ್ಕೆ ಹಾಕಿ ಹೊಸ ಬೀಜ ತೆಗೆದುಕೊಳ್ಳಬೇಕು.

ಈ ಬೇಸಿಗೆಯಲ್ಲಿ ಉಪ್ಪುನೆಲದ ಸಜ್ಜೆಗೆ ಆ ಗತಿ ಬಂತು. ಬಾವಿಗಳೆಲ್ಲ ಉಪ್ಪಾಗಿ ಜನ ಗುಳೆ ಎದ್ದುಹೋದ ಒಂದು ಮೂಲೆಯಿಂದ ಯಾವ ಕಾಲದಲ್ಲೋ ತಂದ ಬೀಜ ಅದು. ಆ ಊರುಗಳು ಈಗಿಲ್ಲ, ಬಿತ್ತುವವರೂ ಇಲ್ಲ. ಇದ್ದದ್ದು ನಮ್ಮ ಕಪಾಟಿನ ಒಂದು ಸಾಲು ಪೊಟ್ಟಣ ಮಾತ್ರ, ಒಂದೊಂದರಲ್ಲೂ ಒಂದೊಂದು ಊರಿನ ತಳಿ. ಕಾಗದ ಬಿಚ್ಚಿ ನೋಡಿದಾಗ ಹತ್ತು ಕಾಳಿನಲ್ಲಿ ಒಂದೋ ಎರಡೋ ಬಿಳಿ ಬೇರು ಬಿಟ್ಟಿದ್ದವು. ಓಡಿಹೋಗಿ ನಮ್ಮ ಹೊಸ ನಿರ್ದೇಶಕರಿಗೆ ಹೇಳಿದೆ. ಅದೇ, ಬೈಯುವಾಗಲೂ ನಗುತ್ತಾರೆ ಅಂತ ನಾವೆಲ್ಲ ಮುಗುಳ್ನಗೆ ಸಾಹೇಬರು ಅನ್ನುತ್ತೇವಲ್ಲ, ಅವರಿಗೇ. ಬಿತ್ತೋಣವೆಂದರೆ ನಮ್ಮ ಬ್ಯಾಂಕಿನ ಹೊಲವನ್ನು ಅವರು ಯಾವುದೋ ಕಂಪನಿಯ ಹೊಸ ತಳಿಯ ಪರೀಕ್ಷೆಗೆ ಕೊಟ್ಟಾಗಿತ್ತು. "ಸತ್ತಿದೆ ಅಂತ ಬರೆದು ಸುಟ್ಟುಬಿಡಿ, ಜಾಗ ಖಾಲಿಯಾಗಲಿ" ಅಂದರು. ನಗುತ್ತಲೇ.

ನನಗೆ ಮೈಯೆಲ್ಲ ಉರಿದುಹೋಯಿತು. ಸತ್ತಿಲ್ಲ ಸರ್, ಸಾಯ್ತಾ ಇದೆ, ಎರಡಕ್ಕೂ ವ್ಯತ್ಯಾಸ ಇದೆ ಅಂದೆ. ಅವರು ಎಲ್ಲರ ಮುಂದೆ ಕೇಳಿದರು, "ಇಷ್ಟು ವರ್ಷದಲ್ಲಿ ಈ ಸಜ್ಜೆ ಬೇಕು ಅಂತ ಒಬ್ಬರಾದರೂ ಬಂದಿದಾರೇನಮ್ಮ?" ಇಲ್ಲ ಅಂದೆ. "ಮತ್ತೆ?" ಅಂದರು. ಯಾರಿಗೆ ಯಾವಾಗ ಬೇಕಾಗುತ್ತೋ ಗೊತ್ತಿಲ್ಲ ಅಂತಾನೇ ಸರ್ ಇಟ್ಟಿರೋದು, ಗೊತ್ತಿದ್ದಿದ್ರೆ ಇಷ್ಟು ದೊಡ್ಡ ಬ್ಯಾಂಕ್ ಯಾಕೆ, ಅಡುಗೆಮನೆ ಡಬ್ಬಿ ಸಾಕಾಗಿತ್ತು ಅಂದುಬಿಟ್ಟೆ. ಯಾರೋ ಕಿಸಕ್ಕನೆ ನಕ್ಕರು. ನಾನು ಅಲ್ಲೇ ನಿಂತು, ಇವನ್ನು ಮನೆಗೆ ಒಯ್ದು ಬಿತ್ತುತ್ತೇನೆ ಅಂತ ಹೇಳಿಯೇ ಒಯ್ದೆ. ಕದ್ದು ಒಯ್ದಿಲ್ಲ. ಯಾರಾದರೂ ನಿಮಗೆ ಬೇರೆ ಥರ ಹೇಳಿದರೆ ನಂಬಬೇಡಿ.

ಅತ್ತೆ ಮೊದಲು ರೇಗಿದರು. ಹಿತ್ತಿಲ ಹೂಗಿಡವೆಲ್ಲ ಕಿತ್ತು ಸಜ್ಜೆ ಹಾಕುತ್ತೀಯಾ, ತಲೆ ನೆಟ್ಟಗಿದೆಯಾ ಅಂದರು. ಆದರೆ ಮೊದಲ ಎಲೆ ಎದ್ದ ದಿನ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತರು, ಏಳಲೇ ಇಲ್ಲ. ಮೂರು ಪೊಟ್ಟಣದ ಸಾಲುಗಳಲ್ಲಿ ಮಾತ್ರ ಒಂದೂ ಏಳಲಿಲ್ಲ. ನೀರು ಹನಿಸಿದೆ, ಮಣ್ಣು ಸಡಿಲಿಸಿದೆ, ಕಾದೆ. ಇಲ್ಲ. ಅವು ಹೋದವು ರೀ. ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಹೋದ ವರ್ಷವೇ ಕಾಗದದಲ್ಲಿ ಸುತ್ತಿ ನೋಡಿ ಬಿತ್ತಿದ್ದರೆ ಉಳಿಯುತ್ತಿದ್ದವೋ ಏನೋ. ಅವತ್ತು ಅತ್ತೆ ನನ್ನ ಬೆನ್ನು ಸವರಿ, ಇದ್ದದ್ದನ್ನಾದರೂ ನೋಡಿಕೋ ಬಾ ಅಂದರು. ಸಜ್ಜೆಯ ಪರಾಗ ಗಾಳಿಗೆ ಹಾರುತ್ತದೆ, ಒಂದರದು ಇನ್ನೊಂದರ ಮೇಲೆ ಬಿದ್ದರೆ ಬೆರಕೆಯಾಗಿಬಿಡುತ್ತದೆ. ಅದಕ್ಕೇ ಒಂದೊಂದು ತೆನೆಗೂ ಚೀಲ ತೊಡಿಸಬೇಕು. ಕಾಗದದ ಚೀಲಗಳನ್ನು ಗಾಳಿ ಹರಿದುಹಾಕಿತು. ನಿಮ್ಮಮ್ಮ ಹೊಲಿಗೆ ಮೆಷಿನ್ ಹೊರಗೆಳೆದು ನಿಮ್ಮ ತೆಳು ಬಿಳಿ ಅಂಗಿಗಳನ್ನೆಲ್ಲ ಕತ್ತರಿಸಿ ಚೀಲ ಹೊಲಿದರು. ಕೋಪ ಮಾಡಿಕೊಳ್ಳಬೇಡಿ, ನೀಲಿಯದನ್ನು ಉಳಿಸಿದ್ದೇವೆ.

ತೆನೆ ಬಲಿಯುವ ಹೊತ್ತಿಗೆ ಸುದ್ದಿ ಹಬ್ಬಿತ್ತು. ಒಂದು ಬೆಳಿಗ್ಗೆ ಸಾಹೇಬರೇ ಇಬ್ಬರನ್ನು ಕರೆದುಕೊಂಡು ಬಂದು ಗೇಟಿನ ಹತ್ತಿರ ನಿಂತರು. ಸಂಸ್ಥೆಯ ಆಸ್ತಿ, ಕಿತ್ತುಕೊಂಡು ಹೋಗಬೇಕು ಅಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳಿಗೆ ತೊಟ್ಟ ಅಂಗುಸ್ತಾನವನ್ನೂ ತೆಗೆಯದೆ, ಅಡ್ಡ ಬಂದರು. "ಸತ್ತಿದೆ, ಸುಡಿ ಅಂದವರು ನೀವೇ ಅಲ್ಲವಾ? ಸತ್ತಿದ್ದರೆ ಅದು ನಿಮ್ಮದು. ಇಲ್ಲಿರೋದು ಬದುಕಿದೆ, ಇದು ಬೇರೆ." ಸಾಹೇಬರ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಅವತ್ತೇ ನೋಡಿದ್ದು. ಜೊತೆಗೆ ಬಂದಿದ್ದವರಲ್ಲಿ ಒಬ್ಬರು ನಮ್ಮ ಹೊಲದ ಮೇಸ್ತ್ರಿ. ತೆನೆಯ ಚೀಲವೊಂದನ್ನು ಮೆಲ್ಲಗೆ ಎತ್ತಿ ನೋಡಿ, ಹಾಗೇ ಮುಚ್ಚಿ, "ಇದನ್ನ ನಾನು ಕೀಳಲ್ಲ ಸರ್" ಅಂದು ಜೀಪಿಗೆ ಹೋಗಿ ಕೂತರು. ಇನ್ನೊಬ್ಬರೂ ಹಿಂದೆಯೇ ಹೋದರು.

ಹೋದ ವಾರ ಕೊಯ್ದೆವು. ಸಾಲು ಸಾಲಿಗೂ ಬೇರೆ ಬೇರೆ ಬಡಿದು, ನೆರಳಲ್ಲಿ ಒಣಗಿಸಿ ಇಟ್ಟಿದ್ದೇವೆ. ಕಾಳು ಸಣ್ಣದು, ಬೂದು ಬಣ್ಣ, ನೋಡೋಕೆ ಏನೇನೂ ಚೆಂದವಿಲ್ಲ. ಅಂಗೈಯಲ್ಲಿ ಹಿಡಿದರೆ ಮಾತ್ರ ಕೆಳಗಿಡೋಕೆ ಮನಸ್ಸಾಗುವುದಿಲ್ಲ.

ಮೈಗೆ ಹುಷಾರು. ಹೊತ್ತುಹೊತ್ತಿಗೆ ಊಟ ಮಾಡಿ. ಅತ್ತೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ಬರುವಾಗ ಗಟ್ಟಿ ದಾರದ ಉಂಡೆ ತಾ ಅಂತಲೂ.

ನಿಮ್ಮ
ಹಟಮಾರಿ

ಇನ್ನೊಂದು ಮಾತು. ಮರೆತಿರಲಿಲ್ಲ, ಬರೆಯುವ ಧೈರ್ಯ ಸಾಲದೆ ಕೆಳಗೆ ತಳ್ಳುತ್ತಾ ಬಂದೆ. ಶುಕ್ರವಾರ ನನ್ನನ್ನು ಕೆಲಸದಿಂದ ತೆಗೆದರು. ಆ ಬೀಜ ಮೊದಲೇ ಸತ್ತಿತ್ತು ಅಂತ ಒಂದು ಸಹಿ ಹಾಕಿದರೆ ಉಳಿಸಿಕೊಳ್ಳುತ್ತೇವೆ ಅಂದರು. ಹಾಕಲಿಲ್ಲ. ಹಾಕುವುದೂ ಇಲ್ಲ. ಮೇಲಿನವರಿಗೆ ದೂರು ಕಳಿಸಿದ್ದೇನೆ, ಮೇಸ್ತ್ರಿಯೂ ಹೆಸರು ಸೇರಿಸಿದ್ದಾರೆ. ನಾಳೆ ಎಂದಿನ ಹಾಗೆ ಸೀರೆ ಉಟ್ಟು, ಹೊಸ ಬೀಜ ತಗೊಂಡು ಆಫೀಸಿಗೆ ಹೋಗುತ್ತೇನೆ. ಅತ್ತೆಯೂ ಹೊರಟಿದ್ದಾರೆ, ತಡೆಯುವವರು ಯಾರು? ನನ್ನನ್ನು ಒಳಗೆ ಬಿಡದಿದ್ದರೆ ಬೇಡ. ಈ ಬೀಜವನ್ನು ಒಳಗೆ ಬಿಟ್ಟುಕೊಳ್ಳುವವರೆಗೆ ಬಾಗಿಲಿಂದ ಕದಲುವುದಿಲ್ಲ.